ಹಳೆಯ ಕೋವಿಯ ಗುರುತುಗಳನ್ನು ಉಳಿಸಿ

ಮಾನ್ಯ ಸಂಪಾದಕರೇ,

ಹತ್ತೊಂಬತ್ತನೇ ಶತಮಾನದ ಕೋವಿಗಳನ್ನು ಬಿಚ್ಚಿ, ಬಿಡಿಭಾಗಗಳನ್ನು ಉಪ್ಪುಕಾಗದದಿಂದ ಉಜ್ಜಿ, ಗೋಡೆಯ ಅಲಂಕಾರಕ್ಕೆಂದು ಮಾರುವ ರೂಢಿಯನ್ನು ಕಂಡು ನೊಂದು ಈ ಪತ್ರ ಬರೆಯುತ್ತಿದ್ದೇನೆ. ಹೊಳಪು ಬಂದಷ್ಟೂ ಆ ಲೋಹದ ಮೇಲಿನ ದಾಖಲೆ ಅಳಿಯುತ್ತದೆ ಎಂಬುದು ಮಾರುವವರಿಗೂ ಕೊಳ್ಳುವವರಿಗೂ ತಿಳಿಯಬೇಕು.

ಬ್ರಿಟಿಷ್ ಸೇನೆಯ 1853ರ ಮಾದರಿಯ ಎನ್‌ಫೀಲ್ಡ್ ಕೋವಿಯನ್ನೇ ನೋಡಿ. 39 ಇಂಚು ಉದ್ದದ ನಳಿಗೆ, 0.577 ಇಂಚಿನ ಬಾಯಿ, ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು; ಕುದುರೆಯ (ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೀಲಿನ) ಮೇಲ್ಬದಿಯ ಲಾಕಿನ ತಗಡಿನಲ್ಲಿ ಕಿರೀಟದ ಮುದ್ರೆ ಮತ್ತು ತಯಾರಾದ ವರ್ಷ. 1857ರ ಸಂಗ್ರಾಮದ ಬಳಿಕ ಭಾರತೀಯ ಸಿಪಾಯಿಗಳಿಗೆಂದೇ ಬ್ರಿಟಿಷರು ಇದೇ ಕೋವಿಯ ನಳಿಗೆಯನ್ನು ಗೀರುಗಳಿಲ್ಲದಂತೆ 0.656 ಇಂಚಿಗೆ ಹಿಗ್ಗಿಸಿ, ದೂರದ ಗುರಿಗೆ ಅಳತೆ ಮಾಡುವ ಪಟ್ಟಿಯನ್ನು ತೆಗೆದು ಕದಲದ ಸಾದಾ ಗುರಿಪಟ್ಟಿಯನ್ನು ಕೂರಿಸಿದರು. ಹೀಗಾಗಿ ಆ ಕೋವಿ ದೂರದ ಗುರಿಗೆ ನಿಖರವಾಗಿ ಹೊಡೆಯದಂತಾಯಿತು. ಆಳುವವರಿಗೆ ತಮ್ಮದೇ ಸಿಪಾಯಿಯ ಮೇಲೆ ಉಳಿದಿದ್ದ ಅಪನಂಬಿಕೆ ಎಷ್ಟೆಂಬುದಕ್ಕೆ ಇಂತಹ ಒಂದು ತುಂಡು ನಳಿಗೆಯೇ ಸಾಕ್ಷಿ. ಮುಂದೆ 1866ರಿಂದ ಎನ್‌ಫೀಲ್ಡ್ ಕೋವಿಗಳ ಹಿಂಬದಿಯನ್ನು ಕತ್ತರಿಸಿ ಹಿಂದಿನಿಂದಲೇ ತೋಟಾ ತುಂಬಲು ಅನುವಾಗುವ ಸ್ನೈಡರ್ ಮುಚ್ಚಳ ಜೋಡಿಸಲಾಯಿತು. ಆದ್ದರಿಂದ ತಗಡಿನ ವರ್ಷವು ಮುಚ್ಚಳಕ್ಕಿಂತ ಹಳೆಯದಾಗಿದ್ದ ಮಾತ್ರಕ್ಕೆ ಅದು ನಕಲಿಯಾಗುವುದಿಲ್ಲ. ಬಿಚ್ಚಿ ಹಂಚಿಬಿಟ್ಟರೆ ಈ ಸಂಬಂಧವನ್ನು ಮತ್ತೆ ಗುರುತಿಸುವುದು ಕಷ್ಟ.

ನಮ್ಮ ನಾಡಿನಲ್ಲಿ ಇಂತಹ ವಸ್ತುಗಳು ವಿರಳ. ಆಯುಧಗಳನ್ನು ಒಪ್ಪಿಸಬೇಕೆಂಬ 1857ರ ಆಜ್ಞೆಯನ್ನು ಧಿಕ್ಕರಿಸಿಯೇ ಹಲಗಲಿಯ ಬೇಡರು ಸಿಡಿದೆದ್ದರು. ಕೊಡಗಿನ ಮನೆಗಳಲ್ಲಿ ಮಾತ್ರ, ಅಲ್ಲಿನವರಿಗೆ ಪರವಾನಗಿಯಿಂದ ದೊರೆತ ವಿನಾಯಿತಿಯಿಂದಾಗಿ, ಕೋವಿ ತಲೆಮಾರುಗಳಿಂದ ಕೈಲ್ ಪೊಳ್ದ್ ಹಬ್ಬದ ಪೂಜೆ ಪಡೆಯುತ್ತ ಬಂದಿದೆ. ಉಳಿದೆಡೆ ಅಜ್ಜನ ಕಾಲದ ತುಂಡನ್ನು ಪೊಲೀಸರ ಭಯಕ್ಕೆ ಗುಜರಿಗೆ ಹಾಕುವವರಿದ್ದಾರೆ. ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹೊರಗಿಟ್ಟಿದೆ. ಹಾರಿಸಬಹುದಾದದ್ದಕ್ಕೆ ಈ ರಿಯಾಯಿತಿ ಇಲ್ಲ. ನೂರು ವರ್ಷ ದಾಟಿದ ಇಂತಹ ಪುರಾತನ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆ ನಿಷೇಧಿಸುತ್ತದೆ. ಇಷ್ಟನ್ನು ಸರಳ ಕನ್ನಡದಲ್ಲಿ ಪ್ರತಿ ಠಾಣೆಯಲ್ಲಿಯೂ ಪ್ರಕಟಿಸಿದರೆ ಎಷ್ಟೋ ಮನೆಗಳ ಆತಂಕ ತಗ್ಗೀತು.

ಸಂಗ್ರಾಹಕ ಮಿತ್ರರು ತುಕ್ಕನ್ನು ಕೆರೆಯದೆ ಎಣ್ಣೆ ಸವರಿದ ಮೃದು ಬಟ್ಟೆಯಿಂದಷ್ಟೇ ಒರೆಸಲಿ. ಬಿಚ್ಚುವ ಮುನ್ನ ಮುದ್ರೆಗಳ ಚಿತ್ರ ತೆಗೆದಿಡಲಿ. ಬಾಯಿಯಿಂದ ಮದ್ದು ತುಂಬುವ ಕೋವಿಯೊಳಗೆ ಹಳೆಯ ಮದ್ದು ಉಳಿದಿರಬಹುದಾದ್ದರಿಂದ, ತಿಳಿದವರಿಂದ ಪರೀಕ್ಷಿಸದೆ ಅದನ್ನು ಮುಟ್ಟಬಾರದು. ಪುರಾತತ್ವ ಇಲಾಖೆಯು ಜಿಲ್ಲೆಗೊಂದು ದಿನ ಗೊತ್ತುಮಾಡಿ, ಜನ ತರುವ ಬಿಡಿಭಾಗಗಳ ಗುರುತು, ಅಳತೆ ಮತ್ತು ಮನೆತನದ ಮಾಹಿತಿಯನ್ನು ದಾಖಲಿಸಿಕೊಂಡು ವಸ್ತುವನ್ನು ಅವರಿಗೇ ಮರಳಿಸಬೇಕು. ವಶಪಡಿಸಿಕೊಂಡ ಹಳೆಯ ಕೋವಿಗಳನ್ನು ನಾಶಪಡಿಸುವ ಮುನ್ನ ವಸ್ತುಸಂಗ್ರಹಾಲಯದವರು ಒಮ್ಮೆ ನೋಡುವಂತೆ ಗೃಹ ಇಲಾಖೆ ಆದೇಶಿಸಬೇಕು ಎಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಸಂಗ್ರಾಹಕ, ಮಡಿಕೇರಿ