ಆ ಕೆಂಪು ದೀಪವನ್ನು ರೆಕಾರ್ಡ್ ಮಾಡುವಾಗಲೇ ನೋಡಿ

ಸಂಪಾದಕರಿಗೆ ನಮಸ್ಕಾರ.

ಮಂಡ್ಯದಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ರೆಕಾರ್ಡಿಂಗ್ ಕೆಲಸ ಮಾಡುತ್ತೇನೆ. ದೊಡ್ಡ ಸ್ಟುಡಿಯೋ ಏನಲ್ಲ. ಒಂದು ಕಂಪ್ಯೂಟರ್, ಎರಡು ಮೈಕ್, ಗೋಡೆಗೆ ಹಳೇ ಕಂಬಳಿ. ಊರಹಬ್ಬದ ಹಾಡು, ಭಜನೆ, ಶಾಲೆಯ ನಾಟಕ, ಇಂಥವೇ ಬರುತ್ತವೆ. ಹೋದ ವಾರ ಬಂದ ಒಂದು ಪೆನ್‌ಡ್ರೈವ್‌ನಿಂದಾಗಿ ಈ ಪತ್ರ ಬರೆಯುತ್ತಿದ್ದೇನೆ.

ತಂದವನು ಮದ್ದೂರು ಕಡೆಯ ಹುಡುಗ. ಅವನಜ್ಜಿ ಸೋಬಾನೆ ಹಾಡುತ್ತಿದ್ದವರು. ಅವರ ಊರಿನಲ್ಲಿ ಆ ಪದಗಳು ಪೂರ್ತಿ ಬರುತ್ತಿದ್ದದ್ದು ಅವರೊಬ್ಬರಿಗೇ ಅಂತೆ. ಲ್ಯಾಪ್‌ಟಾಪ್‌ಗೆ ಮೈಕ್ ಸಿಕ್ಕಿಸಿ, ಜಗುಲಿ ಮೇಲೆ ಕೂರಿಸಿಕೊಂಡು ಎರಡು ಗಂಟೆ ಹಾಡಿಸಿದ್ದಾನೆ. ಮೂರು ತಿಂಗಳ ಹಿಂದೆ ಅಜ್ಜಿ ತೀರಿಕೊಂಡರು. "ಅಣ್ಣ, ಸ್ವಲ್ಪ ಕರಕರ ಅನ್ನುತ್ತೆ, ಮಿಕ್ಸರ್‌ನಲ್ಲಿ ಇಳಿಸಿ ಸರಿ ಮಾಡಿಕೊಡಿ" ಅಂದ. ಫೈಲ್ ತೆಗೆದು ನೋಡಿದೆ. ಪರದೆ ಮೇಲೆ ಸದ್ದಿನ ಅಲೆಗಳ ನೆತ್ತಿಯೆಲ್ಲಾ ಒಂದೇ ಸಮ, ಕಬ್ಬಿನ ಸೋಗೆಯನ್ನು ಕುಡುಗೋಲಲ್ಲಿ ಸವರಿ ಬಿಟ್ಟ ಹಾಗೆ. ಅವರು ದನಿ ಎತ್ತಿದ ಕಡೆಯೆಲ್ಲಾ ಹಾಡು ಒಡೆದು ಹೋಗಿದೆ.

ಇಳಿಸಿ ಅಂದಿದ್ದರಲ್ಲಿ ಅವನ ತಪ್ಪಿಲ್ಲ, ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಮಿಕ್ಸರ್ ತೆಗೆದರೆ ಒಂದೊಂದು ಟ್ರ್ಯಾಕ್‌ಗೂ, ಅಂದರೆ ಬೇರೆ ಬೇರೆಯಾಗಿ ಹಿಡಿದ ಒಂದೊಂದು ಸದ್ದಿಗೂ, ಒಂದೊಂದು ಪಟ್ಟಿ ನಿಂತಿರುತ್ತೆ. ಮೇಲೆ ಕೆಳಗೆ ಓಡಾಡುವ ಫೇಡರ್, ಪಕ್ಕದಲ್ಲಿ ಸದ್ದಿನ ಮಟ್ಟಕ್ಕೆ ಕುಣಿಯುವ, ಮಿತಿ ಮುಟ್ಟಿದರೆ ಕೆಂಪಾಗುವ ಮೀಟರ್, ಸದ್ದನ್ನು ಎಡಕ್ಕೆ ಬಲಕ್ಕೆ ಸರಿಸುವ ಪ್ಯಾನ್, ಎಂ ಅಂದರೆ ಮ್ಯೂಟ್, ಎಸ್ ಅಂದರೆ ಸೋಲೋ, ಅದೊಂದನ್ನೇ ಕೇಳಿಸೋದು. ಸದ್ದು ಜಾಸ್ತಿ ಆಯ್ತಾ, ಫೇಡರ್ ಕೆಳಗೆ ಎಳೆದರೆ ಮುಗೀತು ಅನ್ನಿಸುತ್ತೆ. ಆದರೆ ಫೇಡರ್ ಕೂತಿರುವುದು ರೆಕಾರ್ಡ್ ಆದ ಮೇಲಿನ ದಾರಿಯಲ್ಲಿ. ತೂಬಿನಲ್ಲೇ ಕೆಸರು ಬಂದರೆ ಗದ್ದೆಯಲ್ಲಿ ಮಡೆ ತಿರುಗಿಸಿ ಏನು ಮಾಡ್ತೀರಿ? ಕೆಸರೇ ಸ್ವಲ್ಪ ಕಡಿಮೆ ಹರಿಯುತ್ತೆ, ಅಷ್ಟೇ.

ಹಾಗಂತ ಕೆಂಪು ಕಂಡಾಗಲೆಲ್ಲಾ ಹೆದರಬೇಕಾಗಿಲ್ಲ. ಕೆಂಪಿನಲ್ಲಿ ಎರಡು ಥರ ಇದೆ, ಇದನ್ನು ಯಾರೂ ಬಿಡಿಸಿ ಹೇಳೋದಿಲ್ಲ. ಹಾಡು ಒಳಗೆ ಬರುವಾಗಲೇ ಮೀಟರ್ 0 ಮುಟ್ಟಿ ಕೆಂಪಾದರೆ ಅಲ್ಲಿಗೆ ಕಥೆ ಮುಗಿದ ಹಾಗೆ, ಯಾಕೆಂದರೆ ಮೈಕಿನ ಸದ್ದನ್ನು ಡಿಜಿಟಲ್ ಅಂಕಿ ಮಾಡುವಾಗ 0 ಡೆಸಿಬೆಲ್ ಅಂದರೆ ತಾರಸಿ, ಅದರ ಮೇಲೆ ಬರೆದಿಡಲು ಅಂಕಿಯೇ ಇಲ್ಲ. ಒಡೆದದ್ದನ್ನು ರಿಪೇರಿ ಮಾಡುವ ಸಾಧನಗಳಿವೆ, ನನ್ನ ಹತ್ತಿರವೂ ಇದೆ. ಆದರೆ ಅವು ಹಾಕೋದು ಅಂದಾಜಿನ ತೇಪೆ. ಆಮೇಲೆ ಮಿಕ್ಸ್ ಮಾಡುವಾಗ ಯಾವುದೋ ಚಾನೆಲ್ ಕೆಂಪಾದರೆ ಅದು ಬೇರೆ ವಿಷಯ. ಈಗಿನ ಹೆಚ್ಚಿನ ಸಾಫ್ಟ್‌ವೇರ್‌ಗಳು ಒಳಗೆ 32 ಬಿಟ್ ಫ್ಲೋಟ್ ಅನ್ನುವ, ತುಂಬಾ ದೊಡ್ಡ ಅಂಕಿಗೂ ಜಾಗ ಇರುವ ಲೆಕ್ಕದಲ್ಲಿ ನಡೆಯುತ್ತವೆ, ಅಲ್ಲಿ 0 ದಾಟಿದರೂ ಅಂಕಿ ಕಳೆದುಹೋಗಲ್ಲ, ಎಲ್ಲಾ ಟ್ರ್ಯಾಕ್ ಕೂಡುವ ಕೊನೆಯ ಪಟ್ಟಿಗೆ, ಅಂದರೆ ಮಾಸ್ಟರ್‌ಗೆ, ಹೋಗುವ ಮುಂಚೆ ಇಳಿಸಿಕೊಂಡರೆ ಸಾಕು. ಕೊನೆಗೆ 16 ಅಥವಾ 24 ಬಿಟ್ ಫೈಲ್ ಮಾಡುವಾಗ ಮಾಸ್ಟರ್ ಕೆಂಪಾಗಬಾರದು, ಕೆಂಪಾದರೆ ಅಲ್ಲೂ ಪಕ್ಕಾ ಹಾಳಾಗುತ್ತೆ.

ಜೋರಾಗಿ ರೆಕಾರ್ಡ್ ಮಾಡೋದು ಕ್ಯಾಸೆಟ್ ಕಾಲದಿಂದ ಬಂದ ಚಾಳಿ ಇರಬೇಕು. ಟೇಪಿನಲ್ಲಿ ಸುಯ್ ಅನ್ನುವ ಸದ್ದು ಯಾವಾಗಲೂ ಇರುತ್ತಿತ್ತು, ಅದನ್ನು ಮುಚ್ಚೋಕೆ ಲೆವೆಲ್ ಏರಿಸುತ್ತಿದ್ದೆವು. ಸ್ವಲ್ಪ ಹೆಚ್ಚಾದರೂ ಟೇಪು ನಿಧಾನಕ್ಕೆ ಒತ್ತಿಕೊಂಡು ತಡೆದುಕೊಳ್ಳುತ್ತಿತ್ತು. ಈಗ ಆ ರಗಳೆ ಇಲ್ಲ. ಅತಿ ಮೆಲ್ಲಗಿನ ಸದ್ದಿನಿಂದ ತಾರಸಿವರೆಗೆ 16 ಬಿಟ್‌ನಲ್ಲಿ ಸುಮಾರು 96 ಡೆಸಿಬೆಲ್ ಜಾಗ, 24 ಬಿಟ್‌ನಲ್ಲಿ ಲೆಕ್ಕಕ್ಕೆ 144. ಅಷ್ಟು ಜಾಗ ಇರುವಾಗ ಹಾಡುವವರು ಅತಿ ಜೋರಾಗಿ ಎತ್ತಿದಾಗ ಮೀಟರ್ ಮೈನಸ್ 12ರ ಹತ್ತಿರ ನಿಂತರೆ ಸಾಕು. ಅದಕ್ಕೆ ತಿರುಗಿಸಬೇಕಾದ್ದು ಗೇನ್, ಅಂದರೆ ಮೈಕಿನ ಸದ್ದು ಒಳಗೆ ಬರುವಾಗಲೇ ಅದನ್ನು ಏರಿಸಿ ಇಳಿಸುವ ಗುಂಡಿ. ಮೈಕನ್ನು ಕಂಪ್ಯೂಟರ್‌ಗೆ ಸೇರಿಸುವ ಯುಎಸ್‌ಬಿ ಡಬ್ಬ ಇದ್ದವರಿಗೆ ಅದರ ಮೇಲೇ ಇರುತ್ತೆ, ಮೈಕನ್ನು ಸೀದಾ ಲ್ಯಾಪ್‌ಟಾಪ್‌ಗೆ ಸಿಕ್ಕಿಸುವವರು ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್‌ನಲ್ಲಿ ಮೈಕ್ ಲೆವೆಲ್ ಇಳಿಸಬೇಕು. ಇನ್ನೊಂದು ಮಾತು, ಲೆವೆಲ್ ನೋಡೋಕೆ "ಅಜ್ಜಿ, ಒಂದು ಸಾಲು ಹೇಳಿ" ಅಂದರೆ ಅವರು ಸಂಕೋಚದಲ್ಲಿ ಮೆಲ್ಲಗೆ ಹೇಳುತ್ತಾರೆ. ಹಾಡಿನ ಗುಂಗು ಹತ್ತಿದ ಮೇಲೆ ದನಿ ಎರಡು ಪಟ್ಟು ಏರುತ್ತೆ. ಅಲೆಯ ಎತ್ತರ ಡಬಲ್ ಆದರೆ ಮೀಟರ್‌ನಲ್ಲಿ ಅದು 6 ಡೆಸಿಬೆಲ್, ಅಷ್ಟು ಜಾಗ ಮೊದಲೇ ಬಿಟ್ಟಿರಬೇಕು.

ನಾನೇನು ಪಂಡಿತ ಅಲ್ಲ, ನನ್ನ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಒಂದು ಮದುವೆ ಮನೆಯವರಿಗೆ ಅವರೇ ಹಾಡಿದ ಹಾಡನ್ನು ಮಿಕ್ಸ್ ಮಾಡಿಕೊಡಬೇಕಿತ್ತು. ಹಾರ್ಮೋನಿಯಂ ಮಾತ್ರ ಕೇಳೋಣ ಅಂತ ಅದರ ಸೋಲೋ ಒತ್ತಿದ್ದೆ, ತೆಗೆಯೋಕೆ ಮರೆತೆ, ಹಾಗೇ ಎಕ್ಸ್‌ಪೋರ್ಟ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ ಊಟಕ್ಕೆ ಕೂತೆ. ಸೋಲೋ ಒತ್ತಿದ್ದರೆ ಹೊರಗೆ ಬರುವ ಫೈಲಿನಲ್ಲೂ ಅದೊಂದೇ ಇರುತ್ತೆ. ಹುಡುಗಿಯ ಸೋದರಮಾವ ಫೋನ್ ಮಾಡಿ "ಹಾಡಿದವರೆಲ್ಲಾ ಎಲ್ಲಿಗೆ ಹೋದ್ರು ಸ್ವಾಮಿ?" ಅಂದರು. ಅವತ್ತಿನಿಂದ ಕಳಿಸುವ ಮುಂಚೆ ಪೂರ್ತಿ ಒಂದು ಸಲ ಕೇಳುತ್ತೇನೆ.

ತಮಟೆಯವರದು ಇನ್ನೊಂದು ದೂರು. ಮುಂದೊಂದು ಹಿಂದೊಂದು ಮೈಕ್ ಇಟ್ಟು ರೆಕಾರ್ಡ್ ಮಾಡಿರುತ್ತಾರೆ, ಕೇಳಿದರೆ ಪೆಟ್ಟಿಗೆ ತೂಕವೇ ಇಲ್ಲ, ರಟ್ಟಿನ ಡಬ್ಬ ಬಡಿದ ಹಾಗೆ. ಮೈಕ್ ಸರಿ ಇಲ್ಲ ಅಂತ ಹೊಸದು ತಂದವರೂ ಉಂಟು. ಆಗೋದೇನು ಅಂದರೆ, ಕೋಲು ಬಿದ್ದಾಗ ಚರ್ಮ ಮುಂದಿನ ಮೈಕಿನಿಂದ ದೂರ ಸರಿಯುತ್ತೆ, ಅದೇ ಗಳಿಗೆಯಲ್ಲಿ ಹಿಂದಿನ ಮೈಕಿನ ಕಡೆಗೆ ಬರುತ್ತೆ. ಒಂದರಲ್ಲಿ ಅಲೆ ಕೆಳಗೆ, ಇನ್ನೊಂದರಲ್ಲಿ ಮೇಲೆ. ಎರಡೂ ಸೇರಿದರೆ ಒಂದನ್ನೊಂದು ತಿಂದುಹಾಕುತ್ತವೆ, ಅದರಲ್ಲೂ ದಪ್ಪ ಸದ್ದು. ತುಂಬಾ ಸಾಫ್ಟ್‌ವೇರ್‌ಗಳ ಚಾನೆಲ್ ಪಟ್ಟಿಯಲ್ಲಿ ಸೊನ್ನೆಗೆ ಅಡ್ಡಗೆರೆ ಎಳೆದಂಥ ಒಂದು ಗುಂಡಿ ಇರುತ್ತೆ, ಅದು ಅಲೆಯನ್ನು ತಲೆಕೆಳಗು ಮಾಡುತ್ತೆ. ಎರಡರಲ್ಲಿ ಒಂದು ಚಾನೆಲ್‌ಗೆ ಮಾತ್ರ ಒತ್ತಿ ನೋಡಿ. ಒತ್ತಿದ ತಕ್ಷಣ ತಮಟೆ ಎದೆಗೆ ಗುದ್ದಿದರೆ ಹಾಗೇ ಬಿಡಿ, ಇಲ್ಲದಿದ್ದರೆ ತೆಗೆದುಬಿಡಿ. ಖರ್ಚೇನೂ ಇಲ್ಲ.

ಎಕೋ ಬಗ್ಗೆ ಬರೆದರೆ ನಿಮ್ಮ ಜಾಗ ಸಾಲಲ್ಲ. ಒಂದೇ ಒಂದು ಮಾತು: ಹಾಡನ್ನು ಎಕೋಗೆ ಕಳಿಸುವ ದಾರಿ, ಅಂದರೆ ಸೆಂಡ್, ಪ್ರೀ ಫೇಡರ್ ಆಗಿದ್ದು ಫೇಡರ್‌ಗಿಂತ ಮುಂಚೆಯೇ ಕವಲೊಡೆದಿದ್ದರೆ, ನೀವು ಹಾಡಿನ ಫೇಡರ್ ಪೂರ್ತಿ ಇಳಿಸಿದರೂ ಎಕೋ ಮಾತ್ರ ಬಾವಿಯೊಳಗಿಂದ ಕೂಗಿದ ಹಾಗೆ ಕೇಳುತ್ತಲೇ ಇರುತ್ತೆ. ಪೋಸ್ಟ್‌ಗೆ, ಅಂದರೆ ಫೇಡರ್ ಆದ ಮೇಲಕ್ಕೆ, ಬದಲಾಯಿಸಿ.

ಊರಹಬ್ಬ ಮಾಡುವ ಕಮಿಟಿಯವರಿಗೂ ಒಂದು ವಿನಂತಿ. ಸೌಂಡ್ ಸಿಸ್ಟಮ್‌ನವರ ಹತ್ತಿರ ರೆಕಾರ್ಡಿಂಗ್ ಕೇಳುವಾಗ, ಸಾಧ್ಯವಿದ್ದರೆ ಒಂದೊಂದು ಮೈಕನ್ನೂ ಬೇರೆ ಬೇರೆ ಟ್ರ್ಯಾಕ್ ಆಗಿ ಕೊಡಿ ಅನ್ನಿ. ಎಲ್ಲಾ ಕಲಸಿ ಒಂದೇ ಫೈಲ್ ಮಾಡಿ ಕೊಟ್ಟರೆ, ಬಿಸಿಬೇಳೆಬಾತ್‌ನಿಂದ ಉಪ್ಪು ವಾಪಸ್ ತೆಗಿ ಅಂದ ಹಾಗೆ. ಅದರಲ್ಲಿ ಯಾವ ಫೇಡರ್ ಇಳಿಸಲಿ ನಾನು?

ಸಂಪಾದಕರೇ, ಹೊಸ ಮೊಬೈಲ್ ಬಂದರೆ ಅರ್ಧ ಪುಟ ಬರೆಯುತ್ತೀರಿ. ಮನೆಯಲ್ಲೇ ರೆಕಾರ್ಡ್ ಮಾಡುವ ಹುಡುಗರಿಗೆ ತಿಂಗಳಿಗೊಂದು ಸಣ್ಣ ಕಾಲಂ ಕೊಡಬಹುದಲ್ವಾ? ಪಕ್ಕದ ಮೈಸೂರಿನಲ್ಲಿ 1935ರಲ್ಲೇ ಗೋಪಾಲಸ್ವಾಮಿ ಮೇಷ್ಟ್ರು, ಅವರೇನು ಎಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಪ್ರೊಫೆಸರ್, ತಮ್ಮ ಮನೆಯಲ್ಲೇ ರೇಡಿಯೊ ಶುರು ಮಾಡಿದ್ದರು. ಆಕಾಶವಾಣಿ ಅನ್ನುವ ಹೆಸರು ರೇಡಿಯೊಗೆ ಬಂದದ್ದು ಆ ಮನೆಯಿಂದಲೇ. ಈಗ ಎಲ್ಲರ ಮನೆಯಲ್ಲೂ ಅದಕ್ಕಿಂತ ಒಳ್ಳೇ ಸಾಮಾನು ಇದೆ. ಗೇನ್ ಎಲ್ಲಿ ತಿರುಗಿಸಬೇಕು ಅಂತ ಕನ್ನಡದಲ್ಲಿ ಹೇಳಿಕೊಡುವವರು ಇಲ್ಲ.

ಆ ಅಜ್ಜಿಯ ಎರಡು ಗಂಟೆಯಲ್ಲಿ 11 ನಿಮಿಷ ಚೆನ್ನಾಗಿ ಸಿಕ್ಕಿತು. ನಡುವೆ ಸುಸ್ತಾಗಿ ದನಿ ತಗ್ಗಿಸಿ ಹಾಡಿದ್ದಾರೆ, ಅಲ್ಲಿ ಮೀಟರ್ ಮೇಲಕ್ಕೆ ಹೋಗಿಲ್ಲ. ಒಂದು ಕಡೆ ನಿಲ್ಲಿಸಿ "ಸಾಕೇನೋ ಮಗ?" ಅಂತ ಕೇಳಿದ್ದೂ ಇದೆ. ಅದನ್ನು ಕತ್ತರಿಸದೆ ಹಾಗೇ ಬಿಟ್ಟು ಕೊಟ್ಟಿದ್ದೇನೆ.

ಇಂತಿ,
ನಿಮ್ಮ ಓದುಗ, ಮಂಡ್ಯ