ಹೊಸ ಸೊಪ್ಪನ್ನು ಔಷಧಿಯಂತೆ ಬಡಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ಸೊಪ್ಪು ತಿನ್ನಬೇಕೆಂದು ಹೇಳುವ ಲೇಖನಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ಕಬ್ಬಿಣದ ಅಂಶವೆಷ್ಟು, ಸುಣ್ಣದ ಅಂಶವೆಷ್ಟು, ನಾರಿನಂಶವೆಷ್ಟು ಎಂಬ ಲೆಕ್ಕವೂ ಅವುಗಳಲ್ಲಿರುತ್ತದೆ. ಆದರೆ ಮನೆಯವರು ಹಿಂದೆಂದೂ ಕಾಣದ ಸೊಪ್ಪೊಂದನ್ನು ತಂದು, ಬಿಡಿಸಿ, ತೊಳೆದು, ಬೇಯಿಸಿ ಬಡಿಸಿದ ದಿನ ಅದು ಎಲ್ಲರ ತಟ್ಟೆಯ ಅಂಚಿನಲ್ಲಿ ಹಾಗೆಯೇ ಉಳಿದುಬಿಟ್ಟರೆ ಅಡುಗೆ ಮಾಡಿದವರು ಮುಂದೇನು ಮಾಡಬೇಕೆಂಬುದನ್ನು ಯಾರೂ ಬರೆಯುವುದಿಲ್ಲ. ಆ ಸ್ಥಿತಿಯನ್ನು ಕಂಡವಳು ನಾನು. ನಮ್ಮ ಮನೆಯಲ್ಲಿ ಪುಂಡಿ ಸೊಪ್ಪು ಒಗ್ಗಿಕೊಂಡ ಬಗೆಯನ್ನು ಇತರ ಓದುಗರೊಡನೆ ಹಂಚಿಕೊಳ್ಳಲು ಮತ್ತು ಪತ್ರಿಕೆಯಲ್ಲಿ ಒಂದು ವಿನಂತಿ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾವು ದಕ್ಷಿಣ ಕನ್ನಡದವರು. ಪತಿಯ ಉದ್ಯೋಗದ ನಿಮಿತ್ತ ಎಂಟು ವರ್ಷಗಳ ಹಿಂದೆ ಕಲಬುರಗಿಗೆ ಬಂದೆವು. ಅತ್ತೆಯವರೂ ಇಬ್ಬರು ಮಕ್ಕಳೂ ಜೊತೆಗಿದ್ದಾರೆ. ಬಸಳೆ, ಹರಿವೆ, ಒಂದೆಲಗ, ನುಗ್ಗೆ ಸೊಪ್ಪುಗಳಿಗೆ ತೆಂಗಿನಕಾಯಿ ಹಾಕಿ ಉಂಡು ಬೆಳೆದ ನಮಗೆ ಇಲ್ಲಿನ ಸೊಪ್ಪಿನ ಸಂತೆ ಮೊದಲು ಭಾಷೆಯಲ್ಲಿಯೇ ತಡೆಯಾಯಿತು. ಇಲ್ಲಿ ಪಲ್ಯವೆಂದರೆ ಬೇಯಿಸಿದ್ದು ಮಾತ್ರವಲ್ಲ, ಬುಟ್ಟಿಯಲ್ಲಿರುವ ಹಸಿ ಸೊಪ್ಪೂ ಪಲ್ಯವೇ. ನಮ್ಮ ಹರಿವೆಯ ಬಳಗ ಇಲ್ಲಿ ರಾಜಗಿರಿ, ಮೈಸೂರು ಕಡೆ ಅದೇ ಬಳಗ ದಂಟು. ಇನ್ನು ಪುಂಡಿ ಎಂಬ ಮಾತಂತೂ ಮನೆಯಲ್ಲಿ ದೊಡ್ಡ ಗೊಂದಲಕ್ಕೆ ಕಾರಣವಾಯಿತು. ತುಳುನಾಡಿನಲ್ಲಿ ಪುಂಡಿ ಎಂದರೆ ಅಕ್ಕಿ ತರಿಯ ಉಂಡೆಯನ್ನು ಹಬೆಯಲ್ಲಿ ಬೇಯಿಸಿದ ಬೆಳಗಿನ ತಿಂಡಿ. ಇವತ್ತು ಪುಂಡಿ ಎಂದು ನಾನು ಹೇಳಿದ್ದನ್ನು ಕೇಳಿ ತಟ್ಟೆಯ ಮುಂದೆ ಕುಳಿತ ಮಕ್ಕಳು, ಕಂದು ಹಸಿರಿನ ಮುದ್ದೆಯೊಂದನ್ನು ಕಂಡು ಮುಖ ಮುಖ ನೋಡಿಕೊಂಡರು.

ಆ ದಿನದ ಅಡುಗೆ ಕೆಟ್ಟದ್ದು ನನ್ನ ತಪ್ಪಿನಿಂದಲೇ. ತೊಗರಿಬೇಳೆಯನ್ನೂ ಸೊಪ್ಪನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿದೆ. ಊರಿನ ಅಭ್ಯಾಸದಂತೆ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನೂ ಹಿಂಡಿದೆ. ಪುಂಡಿ ತನ್ನಷ್ಟಕ್ಕೆ ತಾನೇ ಹುಳಿ ಸೊಪ್ಪು, ಅದಕ್ಕೆ ಹುಣಸೆ ಸೇರಿದ ಮೇಲೆ ನಾಲಗೆಯ ಮೇಲೆ ಇಡುವಂತಿರಲಿಲ್ಲ. ಹುಳಿಯಲ್ಲಿ ಬೇಳೆ ಬೇಗ ಮೆತ್ತಗಾಗುವುದಿಲ್ಲವೆಂಬ ಸಾಮಾನ್ಯ ಸಂಗತಿಯೂ ನನಗೆ ಹೊಳೆಯಲಿಲ್ಲ, ಎಷ್ಟು ಸೀಟಿ ಕೂಗಿಸಿದರೂ ಬೇಳೆ ಕಾಳುಕಾಳಾಗಿಯೇ ಉಳಿಯಿತು. ಅದರ ಮೇಲೆ, ಬೇಸರದಲ್ಲಿ, ಇದರಲ್ಲಿ ರಕ್ತ ಹೆಚ್ಚಿಸುವ ಗುಣವಿದೆ, ಸುಮ್ಮನೆ ತಿನ್ನಿ ಎಂದು ಮಕ್ಕಳನ್ನು ಗದರಿಸಿದೆ. ಈಗ ನೆನೆದರೆ ಅಡುಗೆಯಲ್ಲಿ ಮಾಡಿದ ತಪ್ಪಿಗಿಂತ ಆ ಗದರಿಕೆಯೇ ದೊಡ್ಡ ತಪ್ಪೆನಿಸುತ್ತದೆ. ಅಂದಿನಿಂದ ಮಗನ ಮನಸ್ಸಿನಲ್ಲಿ ಪುಂಡಿ ಎಂಬುದು ಕಷಾಯದ ಸಾಲಿಗೆ ಸೇರಿಹೋಯಿತು, ಅಲ್ಲಿಂದ ಅದನ್ನು ಹೊರಗೆ ತರಲು ನನಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು.

ಪಕ್ಕದ ಮನೆಯ ಹಿರಿಯ ತಾಯಿಯನ್ನು ನಾವೆಲ್ಲರೂ ಅವ್ವ ಎಂದೇ ಕರೆಯುತ್ತೇವೆ. ನನ್ನ ಕಥೆ ಕೇಳಿದ ಅವರು, "ಹುಣಸಿ ಯಾಕ ಹಾಕಿದಿ ಯವ್ವಾ, ಅದರ ಹೊಟ್ಟ್ಯಾಗೇ ಹುಣಸಿ ಅದಲ್ಲ" ಎಂದರು. ಮರುದಿನ ತಮ್ಮ ಮನೆಯಲ್ಲಿ ಮಾಡುವಾಗ ನನ್ನನ್ನು ಒಲೆಯ ಪಕ್ಕ ಕೂರಿಸಿಕೊಂಡರು. ದಂಟು ತೆಗೆದು ಎಲೆಯನ್ನು ಮಾತ್ರ ಬಿಡಿಸಿ, ನೀರಿನಲ್ಲಿ ಒಂದು ಕುದಿ ಬರಿಸಿ, ಆ ನೀರನ್ನು ಬಸಿದು ಚೆಲ್ಲಿದರು. ತೊಗರಿಬೇಳೆಯನ್ನು ಬೇರೆ ಪಾತ್ರೆಯಲ್ಲಿ ಮೊದಲೇ ಬೇಯಿಸಿಟ್ಟಿದ್ದರು, ಜೋಳದ ನುಚ್ಚೂ ಬೆಂದಿತ್ತು. ಬಸಿದ ಸೊಪ್ಪನ್ನು ಹಸಿಮೆಣಸಿನಕಾಯಿಯ ಜೊತೆ ಚೆನ್ನಾಗಿ ಮಸೆದು, ಬೇಳೆ ಮತ್ತು ನುಚ್ಚನ್ನು ಸೇರಿಸಿ, ಗಟ್ಟಿಯಾಗುವ ತನಕ ಕುದಿಸಿದರು. ಕೊನೆಗೆ ಒಂದು ಹಿಡಿ ಬೆಳ್ಳುಳ್ಳಿಯನ್ನು ಜಜ್ಜಿ ಶೇಂಗಾ ಎಣ್ಣೆಯಲ್ಲಿ ಕೆಂಪಗೆ ಹುರಿದು ಒಗ್ಗರಣೆ ಕೊಟ್ಟರು. ಬಿಸಿ ಜೋಳದ ರೊಟ್ಟಿಯ ಮೇಲೆ ಅದನ್ನು ಹಾಕಿ, ನಡುವೆ ಬೆರಳಿನಿಂದ ಗುಳಿ ಮಾಡಿ, ಹಸಿ ಶೇಂಗಾ ಎಣ್ಣೆಯನ್ನು ಸುರಿದು ನನ್ನ ಕೈಗೆ ಕೊಟ್ಟರು. ನುಚ್ಚು ಹುಳಿಯ ಚುರುಕನ್ನು ಹೀರಿಕೊಂಡಿತ್ತು, ಎಣ್ಣೆ ಅದನ್ನು ಇನ್ನಷ್ಟು ಮೆದುಗೊಳಿಸಿತ್ತು. ನಾನು ಹಿಂದಿನ ದಿನ ಬೇಯಿಸಿದ್ದೂ ಇದೇ ಸೊಪ್ಪೇ ಎಂದು ನಂಬುವುದು ಕಷ್ಟವಾಯಿತು.

ಈ ಅಡುಗೆಯ ಹಿಂದೆ ಈ ನೆಲದ ಬೇಸಾಯವೇ ಇದೆಯೆಂಬುದು ಆಮೇಲೆ ತಿಳಿಯಿತು. ಇಲ್ಲಿನ ರೈತರು ಪುಂಡಿಯನ್ನು ಹೊಲದ ಅಂಚಿನಲ್ಲಿ ಸಾಲಾಗಿ ಬಿತ್ತುತ್ತಾರೆ, ಎಳೆಯ ಎಲೆ ಅಡುಗೆಗೆ, ಬಲಿತ ದಂಟಿನ ನಾರು ಹಗ್ಗಕ್ಕೆ. ಅದರ ಪಕ್ಕದಲ್ಲಿಯೇ ಬೆಳೆಯುವುದು 2019ರಲ್ಲಿ ಭೌಗೋಳಿಕ ಸೂಚಿಕೆ, ಎಂದರೆ ಈ ನೆಲದ್ದೇ ವಿಶೇಷ ಬೆಳೆಯೆಂಬ ಮಾನ್ಯತೆ, ಪಡೆದ ಇಲ್ಲಿನ ತೊಗರಿ. ಒಂದೇ ಹೊಲದ ಸೊಪ್ಪು, ಬೇಳೆ, ಜೋಳ ಒಂದೇ ಗಡಿಗೆಯಲ್ಲಿ ಸೇರುತ್ತವೆ. ಗಡಿಯಾಚೆಯ ತೆಲುಗರು ಗೋಂಗೂರ ಎಂದೂ ಮರಾಠಿಗರು ಅಂಬಾಡಿ ಎಂದೂ ಮೆಚ್ಚಿ ತಿನ್ನುವುದು ಈ ಬಳಗದ ಸೊಪ್ಪನ್ನೇ.

ಅವ್ವನ ಪಾಠ ನನಗೆ ಒಗ್ಗಿತು. ಆದರೆ ನಮ್ಮ ಮನೆಯವರು ಜೋಳದ ರೊಟ್ಟಿಗೂ ಹೊಸಬರು, ಬೆಳ್ಳುಳ್ಳಿಯ ಆ ಪ್ರಮಾಣಕ್ಕೂ ಹೊಸಬರು. ಹೊಸ ಸೊಪ್ಪನ್ನು ಹೊಸ ಅಡುಗೆಯಲ್ಲಿ, ಹೊಸ ರೊಟ್ಟಿಯ ಜೊತೆ ಕೊಟ್ಟರೆ ನಾಲಗೆಗೆ ಹಿಡಿದುಕೊಳ್ಳಲು ಪರಿಚಯದ್ದೊಂದೂ ಇರುವುದಿಲ್ಲ. ಇದನ್ನು ನನಗೆ ಮನವರಿಕೆ ಮಾಡಿಕೊಟ್ಟವರು ಅತ್ತೆಯವರು. ಒಂದು ಮಧ್ಯಾಹ್ನ ಸೊಪ್ಪಿನ ಕಟ್ಟನ್ನು ಬಿಡಿಸಿಕೊಡಿ ಎಂದು ಅವರ ಮುಂದಿಟ್ಟೆ. ಕಟ್ಟಿನಲ್ಲಿ ಒಂದೆರಡು ಹೂಗಳಿದ್ದವು, ತಿಳಿ ಹಳದಿ ಎಸಳು, ನಡುವೆ ಕಡು ಕೆಂಪು. ಅದನ್ನು ಹಿಡಿದು ತಿರುಗಿಸಿ ನೋಡಿದ ಅತ್ತೆಯವರು, ಇದು ನಮ್ಮ ದಾಸವಾಳದ ಸಂಬಂಧವಲ್ಲವೇ, ಬೆಂಡೆಯ ಹೂವೂ ಹೀಗೇ ಇರುತ್ತದೆ ಎಂದರು. ಅವರ ಮಾತು ಸರಿ, ಪುಂಡಿ ದಾಸವಾಳದ ಜಾತಿಯದೇ ಗಿಡ. ಪರಕೀಯವಾಗಿದ್ದ ಸೊಪ್ಪಿಗೆ ಆ ಕ್ಷಣದಲ್ಲಿ ಅವರ ಮನಸ್ಸಿನಲ್ಲಿ ಒಂದು ನಂಟು ಕೂಡಿಬಂತು. ಎಲೆಯೊಂದನ್ನು ಚೂರು ಕಚ್ಚಿ ನೋಡಿ, ಇದಕ್ಕೆ ಹುಣಸೆ ಬೇಡ, ಚಟ್ನಿ ಮಾಡುತ್ತೇನೆ ಎಂದು ಅವರೇ ಎದ್ದರು. ತೆಂಗಿನೆಣ್ಣೆಯಲ್ಲಿ ಸೊಪ್ಪನ್ನು ಬಾಡಿಸಿ, ಉದ್ದಿನಬೇಳೆ ಮತ್ತು ಒಣಮೆಣಸನ್ನು ಹುರಿದು, ತೆಂಗಿನತುರಿ, ಚೂರು ಬೆಲ್ಲ ಸೇರಿಸಿ ರುಬ್ಬಿದರು. ಊರಿನಿಂದ ತಂದ ಕುಚ್ಚಲಕ್ಕಿಯ ಗಂಜಿಯೊಡನೆ ಅಂದು ರಾತ್ರಿ ಅದನ್ನು ಬಡಿಸಿದಾಗ ಪತಿ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಪರಿಚಯದ ಗಂಜಿಯ ಪಕ್ಕದಲ್ಲಿ, ಪರಿಚಯದ ಒಗ್ಗರಣೆಯ ಪರಿಮಳದಲ್ಲಿ ಬಂದ ಆ ಹುಳಿ ಅವರಿಗೆ ಅಪರಿಚಿತವೆನಿಸಲೇ ಇಲ್ಲ.

ಮಗಳು ಚಟ್ನಿಯಿಂದ ಬೇಗ ಒಗ್ಗಿಕೊಂಡಳು. ಮಗ ಒಪ್ಪಲಿಲ್ಲ. ಅವನ ವಿಷಯದಲ್ಲಿ ನಾನು ಮೊದಲು ಹಿಡಿದ ದಾರಿ ಐಸ್‌ಕ್ರೀಮಿನ ಆಸೆ ತೋರಿಸುವುದಾಗಿತ್ತು. ನಾಲ್ಕು ತುತ್ತು ಪುಂಡಿ ತಿಂದರೆ ಐಸ್‌ಕ್ರೀಮ್ ಎಂದಾಗ ಅವನು ಮೂಗು ಹಿಡಿದು ನಾಲ್ಕು ತುತ್ತು ನುಂಗಿದ, ಐದನೆಯದನ್ನು ಮುಟ್ಟಲಿಲ್ಲ. ಮಕ್ಕಳ ಆಹಾರದ ಅಭಿರುಚಿಯನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಲಿಯಾನ್ ಬರ್ಚ್ ಎಂಬ ವಿದುಷಿ, ಹೀಗೆ ಬಹುಮಾನದ ಷರತ್ತಿನ ಮೇಲೆ ತಿನ್ನಿಸಿದ ಪದಾರ್ಥದ ಮೇಲೆ ಮಗುವಿನ ಇಷ್ಟ ಹೆಚ್ಚುವ ಬದಲು ಕಡಿಮೆಯಾಗುತ್ತದೆಂದು ಕಂಡುಕೊಂಡಿದ್ದರು. ಹೊಸ ರುಚಿಯನ್ನು ಮಗು ಮತ್ತೆ ಮತ್ತೆ, ಎಂಟು ಹತ್ತು ಸಲ ಕಂಡು ರುಚಿ ನೋಡಿದ ಮೇಲೆಯೇ ಅದರತ್ತ ಒಲವು ಮೂಡುತ್ತದೆಂಬುದೂ ಇಂತಹ ಅಧ್ಯಯನಗಳಿಂದ ತಿಳಿದುಬಂದಿದೆ. ಇದನ್ನು ನಾನು ಓದಿದ್ದು ತಡವಾಗಿ. ಓದಿದ ಮೇಲೆ ಐಸ್‌ಕ್ರೀಮನ್ನೂ ಬಿಟ್ಟೆ, ಉಪದೇಶವನ್ನೂ ಬಿಟ್ಟೆ. ವಾರಕ್ಕೊಮ್ಮೆ ಮಾಡುತ್ತಿದ್ದೆ, ಅವನ ತಟ್ಟೆಗೆ ಒಂದು ಚಮಚ ಮಾತ್ರ ಹಾಕುತ್ತಿದ್ದೆ, ಬಿಟ್ಟರೆ ಬಿಟ್ಟದ್ದನ್ನು ನೋಡದವಳಂತೆ ಎತ್ತುತ್ತಿದ್ದೆ. ಅದಕ್ಕಿಂತ ಮುಖ್ಯವಾಗಿ, ನಾವು ದೊಡ್ಡವರು ಅದರ ಗುಣಗಾನ ಮಾಡದೆ, ರುಚಿಯಾಗಿದೆ ಎಂಬ ಕಾರಣಕ್ಕಾಗಿ ತಿನ್ನುತ್ತಿದ್ದೆವು. ಒಂಬತ್ತನೆಯದೋ ಹತ್ತನೆಯದೋ ವಾರ, ಬೇಳೆ ಹೆಚ್ಚು, ಸೊಪ್ಪು ಕಡಿಮೆ ಹಾಕಿ ತೆಳ್ಳಗೆ ಮಾಡಿದ ಸಾರನ್ನು ಅವನು ಅನ್ನದ ಮೇಲೆ ತಾನೇ ಬಡಿಸಿಕೊಂಡ. ಈಗಲೂ ಅವನಿಗೆ ಗಟ್ಟಿ ಪಲ್ಯ ಇಷ್ಟವಿಲ್ಲ, ಸಾರು ಮಾತ್ರ ಬಲು ಇಷ್ಟ. ನನಗೆ ಅಷ್ಟು ಸಾಕು.

ಅಡುಗೆ ಮಾಡುವವರಿಗೆ ಒಂದೆರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಪುಂಡಿ ಬೇಯುತ್ತಿದ್ದಂತೆ ಅದರ ಹುಳಿಯಿಂದಾಗಿಯೇ ಹಸಿರು ಮಾಸಿ ಕಂದಾಗುತ್ತದೆ. ಅಡುಗೆ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ, ಬಣ್ಣ ಉಳಿಸಲು ಸೋಡಾ ಹಾಕುವುದೂ ಬೇಡ. ಹುಳಿ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆಗಿಂತ ಸ್ಟೀಲು ಅಥವಾ ಮಣ್ಣಿನ ಗಡಿಗೆ ಮೇಲು. ಈ ಸೊಪ್ಪಿನಲ್ಲಿ ಆಕ್ಸಾಲಿಕ್ ಆಮ್ಲವೂ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ವೈದ್ಯರನ್ನು ಕೇಳಿ ತಿನ್ನುವುದು ಒಳ್ಳೆಯದು. ಕುದಿಸಿದ ನೀರನ್ನು ಬಸಿದು ಚೆಲ್ಲುವ ಅವ್ವನ ಕ್ರಮದಿಂದ ಹುಳಿಯ ಜೊತೆಗೆ ಆ ಆಮ್ಲವೂ ಒಂದಷ್ಟು ಕಡಿಮೆಯಾಗುತ್ತದೆ.

ಇನ್ನು ನನ್ನ ವಿನಂತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ ಸೊಪ್ಪು ತರಕಾರಿಗಳು ಸೇರಿ 400 ಗ್ರಾಂ ಇರಬೇಕೆಂದಿದೆ. ಅಷ್ಟನ್ನು ತಿನ್ನಬೇಕಾದರೆ ನಮ್ಮ ನಮ್ಮ ಊರಿನ ನಾಲ್ಕು ಸೊಪ್ಪುಗಳನ್ನೇ ನೆಚ್ಚಿಕೊಂಡರೆ ಸಾಲದು, ನಾವಿರುವ ಊರಿನಲ್ಲಿ ಆಯಾ ಕಾಲಕ್ಕೆ ಅಗ್ಗವಾಗಿ, ತಾಜಾ ಆಗಿ ಸಿಗುವುದನ್ನು ತಿನ್ನಲು ಕಲಿಯಬೇಕು. ಉದ್ಯೋಗಕ್ಕಾಗಿ ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಕುಟುಂಬಗಳು ನಮ್ಮಂತೆ ಸಾವಿರಾರು ಇವೆ. ಆದ್ದರಿಂದ ಪತ್ರಿಕೆಯು ಸೊಪ್ಪುಗಳ ಬಗ್ಗೆ ಬರೆಯುವಾಗ ಅದರ ಒಳ್ಳೆಯ ಚಿತ್ರವನ್ನೂ, ಬೇರೆ ಬೇರೆ ಜಿಲ್ಲೆಗಳಲ್ಲಿ ಅದಕ್ಕಿರುವ ಹೆಸರುಗಳನ್ನೂ ಕೊಡಬೇಕು. ತುಳುವರ ತಿಮರೆಯೇ ಒಂದೆಲಗವೆಂದು ತಿಳಿಯದ ಕಾರಣ ಅದನ್ನು ಸಂತೆಯಲ್ಲಿ ಕಂಡೂ ಬಿಟ್ಟು ಬರುವವರನ್ನು ನಾನು ಬಲ್ಲೆ. ಆ ಸೊಪ್ಪು ಹುಳಿಯೋ, ಕಹಿಯೋ, ಲೋಳೆಯೋ ಎಂಬುದನ್ನು ಮುಚ್ಚಿಡದೆ ಹೇಳಿ, ಆ ಗುಣವನ್ನು ಅಲ್ಲಿನವರು ಅಡುಗೆಯಲ್ಲಿ ಹೇಗೆ ಪಳಗಿಸುತ್ತಾರೆಂಬುದನ್ನು ಅಲ್ಲಿನ ಹೆಂಗಸರಿಂದಲೇ ಕೇಳಿ ಬರೆಸಬೇಕು. ರಕ್ತಹೀನತೆಗೆ ರಾಮಬಾಣ ಎಂಬಂತಹ ತಲೆಬರಹಗಳನ್ನು ದಯವಿಟ್ಟು ಕೈಬಿಡಬೇಕು. ಆ ತಲೆಬರಹ ಓದಿ ಸೊಪ್ಪು ತರುವ ತಾಯಿ ಅದನ್ನು ಮದ್ದೆಂದೇ ಬಡಿಸುತ್ತಾಳೆ, ಮಕ್ಕಳು ಮದ್ದೆಂದೇ ಓಡುತ್ತಾರೆ.

ನಮ್ಮ ತಾರಸಿಯ ಕುಂಡದಲ್ಲಿ ಊರಿನಿಂದ ತಂದ ಬಸಳೆಯ ಬಳ್ಳಿ ಹಬ್ಬಿದೆ. ಹೋದ ವರ್ಷ ಅದರ ಒಂದು ಹೊರೆಯನ್ನು ಅವ್ವನ ಮನೆಗೆ ಕೊಟ್ಟಾಗ, ಮೊಮ್ಮಕ್ಕಳು ಲೋಳೆಯೆಂದು ಮುಟ್ಟಲಿಲ್ಲವೆಂದು ಅವರು ಸಂಕೋಚದಿಂದ ಹೇಳಿದರು. ಹದಿನೈದು ದಿನ ಬಿಟ್ಟು ಅವರೇ ಬಂದು ಮತ್ತೆ ಬಸಳೆ ಕೇಳಿದರು. ಎರಡನೆಯ ಸಲ ಬೇಳೆಯ ಜೊತೆ ಬಸಳೆ ಬೇಯಿಸುವಾಗ ಲೋಳೆ ಮುರಿಯಲೆಂದು ಕೊನೆಯಲ್ಲಿ ಒಂದು ಹಿಡಿ ಪುಂಡಿಯ ಎಲೆ ಹಾಕಿದ್ದರಂತೆ, ಮಕ್ಕಳು ರೊಟ್ಟಿಯಿಂದ ಗಡಿಗೆ ಒರೆಸಿ ತಿಂದವಂತೆ. ಈಗ ಅತ್ತೆಯವರೂ ಬಸಳೆಯ ಹುಳಿಗೆ ಹುಣಸೆಯ ಬದಲು ಪುಂಡಿಯನ್ನೇ ಹಾಕುತ್ತಿದ್ದಾರೆ.

ಇಂತಿ,
ಓದುಗಳೊಬ್ಬಳು,
ಕಲಬುರಗಿ