ಅಜ್ಜಿಯರ ಹೆಸರು ಎಲ್ಲಿ ಸಿಗುತ್ತದೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವಂಶವೃಕ್ಷ ನೋಡಿದೆ. ಅಪ್ಪನ ಕಡೆಯ ಗಂಡಸರನ್ನು ಏಳು ತಲೆಮಾರಿನ ತನಕ ತುಂಬಿಸಿದ್ದಿ, ಭೇಷ್. ಆದರೆ ಹೆಂಗಸರ ಜಾಗದಲ್ಲಿ ನಿಮ್ಮ ಅಜ್ಜಿಯಿಂದ ಮೇಲಕ್ಕೆ ಬರೀ ಪ್ರಶ್ನೆ ಚಿಹ್ನೆ. "ಯಾರಿಗಾದ್ರೂ ಗೊತ್ತದ ಏನವ್ವಾ?" ಅಂತ ಕೇಳಿದ್ದಿ. ಬಾಯಿಂದ ಹೇಳುವವರು ಈಗ ಊರಲ್ಲಿ ಉಳಿದಿಲ್ಲ. ಕಾಗದದಲ್ಲೇ ಹುಡುಕಬೇಕು. ಎಲ್ಲೆಲ್ಲಿ ಅಂತ ನನಗೆ ತಿಳಿದಷ್ಟು ಬರೆಯುತ್ತೇನೆ.

ಗಂಡಸರ ಹೆಸರು ಅಷ್ಟು ಸಲೀಸಾಗಿ ಸಿಕ್ಕಿದ್ದು ಹೆಳವರಿಂದ. ನೀನು ಸಣ್ಣವಳಿದ್ದಾಗ ನೋಡಿದ್ದಿ, ನೆನಪಿರಲಿಕ್ಕಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ, ಗಂಟೆ ಹಿಡಿದು ಬರುತ್ತಾರೆ. ಕಾಲಿಲ್ಲದವನೊಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟು, ವಂಶ ಹೇಳಿ ಬದುಕು ಅಂದರು ಎಂಬುದು ಅವರೇ ಹೇಳಿಕೊಳ್ಳುವ ಕಥೆ. ಕಟ್ಟೆಯ ಮೇಲೆ ಕೂತು ಪುಸ್ತಕ ಬಿಚ್ಚಿದರೆ ಮನೆದೇವರು, ಬೆಡಗು ಅಂದರೆ ಕುಲದ ಒಳಗುಂಪು, ಮೂಲ ಊರು, ಯಾರು ದತ್ತಕ ಹೋದರು, ಯಾರು ಬೇರೆಯಾದರು ಎಲ್ಲ ಹೇಳುತ್ತಾರೆ. ನಿನ್ನ ಅಣ್ಣ ಹುಟ್ಟಿದ ಮೇಲೆ ಬಂದಾಗ ಅವನ ಹೆಸರು ಬರೆದುಕೊಂಡರು. ಅದರ ಮುಂದಿನ ಸಲ ಬಂದಾಗ ನೀನು ತೊಟ್ಟಿಲಲ್ಲಿದ್ದಿ, ಕೇಳಲೇ ಇಲ್ಲ. ಆ ಸಲ ಜೋಳ ಅಳೆದು ಹಾಕಿದವಳು ನಾನೇ. ಹೆಣ್ಣುಮಗಳು ಮುಂದೆ ಇನ್ನೊಂದು ಮನೆಯ ಪುಟಕ್ಕೆ ಹೋಗುವವಳು ಅಂತ ಲೆಕ್ಕ. ಹೋದ ಮನೆಯ ಪುಟದಲ್ಲಿ ಹುಡುಕಿದರೆ ಅಲ್ಲೂ ಆಕೆ ಇಲ್ಲ.

ಹಾಗಾಗಿ ಹೊಲದ ಕಾಗದಕ್ಕೆ ಹೋಗು. ಕಂಪ್ಯೂಟರಿನ ಉತಾರ, ಅಂದರೆ ಪಹಣಿ, ನಿನಗೆ ಉಪಯೋಗವಿಲ್ಲ, ಅದನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬಂದದ್ದೇ 2000ದ ಆಸುಪಾಸು. ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೆ ಉತಾರ, ಅದರ ಜೊತೆ ವಾರಸಾ ದಾಖಲಾದ, ಅಂದರೆ ಸತ್ತವರ ಹೊಲ ಯಾರ ಹೆಸರಿಗೆ ಹೋಯಿತು ಅಂತ ಬರೆದ, ಹಳೆ ಡೈರಿಯ ನಕಲು ಕೇಳಬೇಕು. ಸರ್ವೆ ನಂಬರು, ಹಿಸ್ಸಾ ಬರೆದು ಅರ್ಜಿ ಕೊಡು. ಹೆಸರು ಹೇಳಿಕೊಂಡು ಹೋದರೆ ಯಾರೂ ಹುಡುಕಿ ಕೊಡುವುದಿಲ್ಲ. ಗಂಡಸಿನ ಹೆಸರಿನ ಮುಂದೆ 'ಬಿನ್' ಅಂತ ಬರೆದು ಅಪ್ಪನ ಹೆಸರಿರುತ್ತದೆ, ಹೆಂಗಸಾದರೆ 'ಕೋಂ' ಅಂತ ಬರೆದು ಗಂಡನ ಹೆಸರು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆ ನಮ್ಮದು, ಬಿನ್ ನೋಡದೆ ಓದಿದರೆ ಇಬ್ಬರನ್ನು ಒಬ್ಬನೇ ಅಂದುಕೊಳ್ಳುತ್ತಿ.

ನಿನ್ನ ಅಪ್ಪನ ಮುತ್ತಜ್ಜಿ ನನಗೆ ಸಿಕ್ಕಿದ್ದು ಅಂಥ ಒಂದು ಡೈರಿಯಲ್ಲಿ. ಖಾತೆ ಏಳು ವರ್ಷದ ಮಗನ ಹೆಸರಿಗೆ. ಕೆಳಗೆ ಸಣ್ಣದಾಗಿ 'ಅ.ಪಾ.ಕ. ತಾಯಿ' ಅಂತ ಬರೆದು ಆಕೆಯ ಹೆಸರು. ಅಜ್ಞಾನ ಪಾಲನಕರ್ತೆ, ಅಂದರೆ ಮಗ ದೊಡ್ಡವನಾಗುವ ತನಕ ನೋಡಿಕೊಳ್ಳುವವಳು. ಇಸವಿ 1919. ಹಿಂದಿನ ವರ್ಷದ ಇನ್‌ಫ್ಲುಯೆಂಜಾದಲ್ಲಿ ಗಂಡ ಹೋಗಿದ್ದ. ದೇಶದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತ ಜ್ವರ ಅದು, ಮುಂಬಯಿ ಪ್ರಾಂತಕ್ಕೆ ಬಿದ್ದ ಪೆಟ್ಟು ದೊಡ್ಡದು, ನಾವು ಆಗ ಅದರಲ್ಲೇ ಇದ್ದೆವು. ಗಂಡ ಎಂಬತ್ತು ವರ್ಷ ಬಾಳಿದ್ದರೆ ಆಕೆಯ ಹೆಸರು ಸರಕಾರದ ಪುಸ್ತಕಕ್ಕೆ ಬರುತ್ತಲೇ ಇರಲಿಲ್ಲ. ನೀನು ಹುಡುಕುವಾಗಲೂ ಹರೆಯದಲ್ಲೇ ಸತ್ತ ಗಂಡಸರನ್ನು ಮೊದಲು ನೋಡು, ಅವರ ಕೆಳಗೆ ಹೆಂಗಸರಿರುತ್ತಾರೆ. ಆದರೆ ನಮ್ಮ ಭಾಗದಲ್ಲಿ ಹಕ್ಕುದಾಖಲೆ ಶುರುವಾದದ್ದು 1903ರ ಮುಂಬಯಿ ಕಾಯ್ದೆಯ ನಂತರ. 1876ರ ಬರದಲ್ಲಿ ಹೋದವರನ್ನು ಅಲ್ಲಿ ಹುಡುಕಬೇಡ.

ಅದಕ್ಕಿಂತ ಹಳೆಯ ಕಾಗದ ಎಲ್ಲಾದರೂ ಕೈಗೆ ಬಂದರೆ 'ಜಿಲ್ಲಾ ಕಲಾದಗಿ' ಅಂತ ಇರಬಹುದು, ಬೇರೆ ಊರಿನದು ಅಂತ ಬಿಡಬೇಡ. ಕಲಾದಗಿ ಜಿಲ್ಲೆಯೇ ಆಮೇಲೆ ವಿಜಾಪುರ ಆಯಿತು, 1997ರಲ್ಲಿ ಅದರಿಂದ ಬಾಗಲಕೋಟೆ ಬೇರೆಯಾಯಿತು. ನನ್ನ ತವರು ಮುಧೋಳ ಸಂಸ್ಥಾನದ್ದು, 1948ರಲ್ಲಿ ವಿಲೀನವಾಗುವ ತನಕ ಅವರ ದಫ್ತರವೇ ಬೇರೆ. ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಕಂಡರೆ ಫೋಟೋ ತೆಗೆದಿಡು, ಓದುವವರು ಇನ್ನೂ ಅಲ್ಲಲ್ಲಿ ಇದ್ದಾರೆ. ಶಾಲೆಯ ಜನರಲ್ ರಜಿಸ್ಟರ್ ನೋಡುವುದಾದರೆ ಅಪ್ಪನ ಹೆಸರು, ಉದ್ಯೋಗ ನಂಬು, ಹುಟ್ಟಿದ ತಾರೀಖು ನಂಬಬೇಡ. ನಮ್ಮ ಕಾಲದ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ.

ಕಾಗದ ಸಾಕಾದರೆ ಅಟ್ಟ ಹತ್ತು. ಮೂಲೆಯಲ್ಲಿ ಒಂದು ತಾಮ್ರದ ಹಂಡೆ ಇದೆ. ಅದರ ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಬಡಿದ ಅಕ್ಷರಗಳಿವೆ, ತಿಕ್ಕಿ ತಿಕ್ಕಿ ಸವೆದಿವೆ. ನಾನು ಒಣ ವಿಭೂತಿ ಸವರಿ ಅರಿವೆಯಿಂದ ಮೆಲ್ಲಗೆ ಒರೆಸಿದೆ. ಚುಕ್ಕೆಗಳಲ್ಲಿ ಬಿಳಿ ಕೂತು ಒಂದು ಅಡ್ಡಹೆಸರು, ಒಂದು ಊರಿನ ಹೆಸರು ಎದ್ದು ಬಂದವು. ಎರಡೂ ನಮ್ಮವಲ್ಲ. ಯಾವುದೋ ಸೊಸೆಯ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಆ ಊರು ಇಲ್ಲಿಂದ ದೂರವಿಲ್ಲ, ಅಲ್ಲಿ ಆ ಅಡ್ಡಹೆಸರಿನವರು ಈಗಲೂ ಇದ್ದಾರೆ. ಅವರ ಮನೆಯ ಹಿರಿಯರನ್ನು ಕೇಳಿದರೆ ನಿನ್ನ ಒಂದು ಪ್ರಶ್ನೆ ಚಿಹ್ನೆ ಅಳಿಯಬಹುದು.

ನನ್ನ ಕಡೆಯ ಕೊಂಬೆಯಲ್ಲಿ ಒಂದೇ ಹೆಸರು ಎರಡು ಕಡೆ ಬರುತ್ತದೆ, ವಂಶವೃಕ್ಷ ಬರೆಯುವ ಆ್ಯಪ್ ತಪ್ಪು ಅಂತಿದೆ ಅಂದಿದ್ದಿ. ತಪ್ಪಲ್ಲ. ನನ್ನ ಅಜ್ಜಿಯನ್ನು ಕೊಟ್ಟದ್ದು ಆಕೆಯ ಸೋದರಮಾವನಿಗೆ. ಆಕೆಯ ತಾಯಿಯ ತಾಯಿಯೇ ಆಕೆಗೆ ಅತ್ತೆ. ಒಬ್ಬಳೇ ಮುದುಕಿ ಎರಡೂ ಕಡೆ ಕೂಡಬೇಕು. ನಮ್ಮ ಮಂದಿಯ ಮದುವೆಗಳನ್ನು ನೋಡದವರು ಮಾಡಿದ ಆ್ಯಪ್ ಇರಬೇಕು ಅದು.

ಇನ್ನು ನನ್ನ ಹೆಸರು. ಶಾಲೆಯ ದಾಖಲೆಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು. ಮದುವೆಯ ದಿನ ಈ ಮನೆಯವರು ಬೇರೆ ಹೆಸರಿಟ್ಟರು, ಯಾರೂ ನನ್ನನ್ನು ಕೇಳಲಿಲ್ಲ, ಆಗ ಕೇಳುವ ಪದ್ಧತಿ ಇರಲಿಲ್ಲ. ನೀನು ಎರಡೂ ಬರೆ, ತವರಿನದನ್ನು ಮೊದಲು ಬರೆ. ಹಳೆಯ ಹೆಂಗಸರನ್ನು ಹುಡುಕುವಾಗಲೂ ಇದು ಲಕ್ಷ್ಯದಲ್ಲಿರಲಿ, ಎರಡು ಊರಿನಲ್ಲಿ ಎರಡು ಹೆಸರಿನಿಂದ ಇರುವವಳು ಒಬ್ಬಳೇ ಆಗಿರಬಹುದು.

ನಿನ್ನ ಸೋದರತ್ತೆಯರ ವಿವರಕ್ಕೆ ಕಷ್ಟಪಡಬೇಕಿಲ್ಲ, ಟ್ರಂಕಿನಲ್ಲಿದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಅಂತ ಕರ್ನಾಟಕದಲ್ಲಿ ಕಾಯ್ದೆ ಬಂದದ್ದು 1994ರಲ್ಲಿ. ಅದಕ್ಕೂ ಮೊದಲೇ ಮದುವೆಯಾದವರಿಗೆ ಅದು ಇರಲಿಲ್ಲ, 2005ರ ಕೇಂದ್ರದ ತಿದ್ದುಪಡಿಯಿಂದ ಆ ಭೇದವೂ ಹೋಯಿತು. ಆಮೇಲೆ ಮನೆ ಮನೆಯಲ್ಲಿ ಹಕ್ಕು ಬಿಟ್ಟ ಪತ್ರ ಮಾಡಿಸಿದರು, ನಮ್ಮಲ್ಲೂ ಮಾಡಿಸಿದರು. ಪೂರ್ತಿ ಹೆಸರು, ವಯಸ್ಸು, ಗಂಡನ ಹೆಸರು, ಇರುವ ಊರು, ಫೋಟೋ, ಹೆಬ್ಬೆಟ್ಟು ಎಲ್ಲ ಅದರಲ್ಲಿವೆ. ಈ ಮನೆಯ ಹೆಣ್ಣುಮಕ್ಕಳ ಬಗ್ಗೆ ಅಷ್ಟು ವಿವರವಾಗಿ ಬರೆದ ಕಾಗದ ಮತ್ತೊಂದಿಲ್ಲ, ಅದೂ ಅವರು ಪಾಲು ಬೇಡ ಅಂದ ಕಾಗದ. ಆ ದಿನ ಊಟ ಹಾಕಿ, ಒಬ್ಬೊಬ್ಬರಿಗೆ ಒಂದು ಇಳಕಲ್ ಸೀರೆ ಉಡಿಸಿ ಕಳಿಸಿದೆವು.

ನಿನ್ನ ಅಣ್ಣ ಮೊನ್ನೆ ವಾಟ್ನಿಯ, ಅಂದರೆ ಆಸ್ತಿ ಪಾಲಿನ, ಮಾತು ತೆಗೆದಿದ್ದಾನೆ. ಅಂಥದ್ದೇ ಒಂದು ಕಾಗದ ನಿನ್ನ ಮುಂದೆಯೂ ಬರಬಹುದು. ಸಹಿ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು, ನಾನು ಎರಡೂ ಕಡೆ ಮಾತಾಡುವುದಿಲ್ಲ. ಓದದೆ ಮಾತ್ರ ಹಾಕಬೇಡ. ಸೀರೆಯಂತೂ ನಿನ್ನ ಬಳಿ ಬೇಕಾದಷ್ಟಿವೆ.

ಸರ್ವೆ ನಂಬರುಗಳನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ದಸರೆಗೆ ಬರುವಾಗ ಆಧಾರಿನ ಝೆರಾಕ್ಸ್ ತಗೊಂಡು ಬಾ, ಅರ್ಜಿಗೆ ಬೇಕಾಗುತ್ತದೆ.

ನಿನ್ನ ಅವ್ವ